ಅಡ್ಡಹೆಸರಿನೊಳಗಿನ ದುಡಿಮೆ

ನಮ್ಮ ಕಾರವಾರ, ಅಂಕೋಲೆಯ ಕಡೆ ಯಾರದಾದರೂ ಹೆಸರು ಕೇಳಿದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. 'ಸುಮನಾ' ಎಂದರೆ 'ಯಾವ ಸುಮನಾ?' ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ನಾಯಕರ ಪೈಕಿಯೋ, ಶಾನಭಾಗರ ಪೈಕಿಯೋ, ತಾಂಡೇಲರೋ, ಗೌಡರೋ ಎಂಬುದು ಗೊತ್ತಾದ ಮೇಲೆಯೇ ಕೇಳಿದವರಿಗೆ ಸಮಾಧಾನ. ಕೊಂಕಣಿಯಲ್ಲಿ ಇದು 'ಆಡನಾಂವ', ಕನ್ನಡದಲ್ಲಿ ಅಡ್ಡಹೆಸರು. ಹಳೇ ಮೈಸೂರಿನ ಕಡೆಯಿಂದ ವರ್ಗವಾಗಿ ಬರುವ ಶಿಕ್ಷಕಿಯರಿಗೆ ಮೊದಮೊದಲು ಇದು ವಿಚಿತ್ರವಾಗಿ ಕಾಣುತ್ತದೆ. ಅವರ ಕಡೆ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಅಕ್ಷರವಿದ್ದರೆ ಸಾಕು. ನಮ್ಮಲ್ಲಿ ಹಾಗಲ್ಲ. ಮೊದಲು ಸ್ವಂತ ಹೆಸರು, ನಡುವೆ ತಂದೆಯದೋ ಗಂಡನದೋ ಹೆಸರು, ಕೊನೆಗೆ ಅಡ್ಡಹೆಸರು, ಹೀಗೆ ಮೂರು ಬೋಗಿಯ ರೈಲು.

ಈ ರೈಲಿಗೂ ಇತಿಹಾಸವಿದೆ. ನಮ್ಮ ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವವರೆಗೆ ನಮ್ಮ ಕಚೇರಿ, ಕೋರ್ಟು, ಶಾಲೆಗಳೆಲ್ಲ ಮುಂಬಯಿಯ ಪದ್ಧತಿಯಲ್ಲೇ ನಡೆದವು. ಹೆಸರು ಬರೆಯುವ ರೀತಿಯೂ ಆ ಕಡೆಯದೇ ಆಗಿ ಉಳಿಯಿತು. ರಾಜ್ಯ ಬದಲಾಯಿತು, ಹಾಜರಿ ಪುಸ್ತಕ ಬದಲಾಗಲಿಲ್ಲ.

ಇಷ್ಟು ದಿನ ಹಾಜರಿ ಕೂಗುತ್ತ ಬಂದ ನನಗೆ ಈ ಅಡ್ಡಹೆಸರುಗಳ ಅರ್ಥ ಹುಡುಕುವ ಚಟ ಹತ್ತಿದ್ದು ಒಂದು ಇಂಗ್ಲೀಷ್ ನಿಘಂಟಿನಿಂದ. 'ಅಕ್ಕೋರೇ, ವೆಬ್‌ಸ್ಟರ್ ಅಂದ್ರೆ ಏನು?' ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನಿಘಂಟಿನ ಹೊರಗೆ ದಪ್ಪಕ್ಷರದಲ್ಲಿ ಅಚ್ಚಾದ ಶಬ್ದದ ಅರ್ಥ ನಿಘಂಟಿನೊಳಗೆ ಇರಲೇಬೇಕಲ್ಲ ಎಂಬುದು ಅವಳ ತರ್ಕ. ಅದು ಬರೆದವರ ಹೆಸರು, 1828ರಲ್ಲಿ ಅಮೆರಿಕೆಯಲ್ಲಿ ದೊಡ್ಡ ನಿಘಂಟನ್ನು ಹೊರತಂದ ನೋಹ ವೆಬ್‌ಸ್ಟರ್ ಎಂಬವರ ಅಡ್ಡಹೆಸರು ಎಂದೆ. ಆದರೆ ಹುಡುಗಿಯ ತರ್ಕವೂ ಸರಿಯೇ. ಆ ಹೆಸರಿಗೆ ಅರ್ಥವಿದೆ, ಅದೂ ನಾವು ಹೆಂಗಸರು ಕಿವಿಗೊಟ್ಟು ಕೇಳಬೇಕಾದ ಅರ್ಥ.

ಹಳೆಯ ಇಂಗ್ಲೀಷಿನಲ್ಲಿ ಬಟ್ಟೆ ನೇಯುವವನು 'ವೆಬ್ಬ', ನೇಯುವವಳು 'ವೆಬ್ಬೆಸ್ಟ್ರೆ'. ನಮ್ಮಲ್ಲಿ ಹೂವಾಡಿಗ, ಹೂವಾಡಗಿತ್ತಿ ಎಂಬಂತೆ. 'ಸ್ಟರ್' ಎಂಬ ಆ ಬಾಲ ನಮ್ಮ 'ಗಿತ್ತಿ' ಇದ್ದ ಹಾಗೆ, ಹೆಂಗಸಿನ ಕಸುಬಿಗೆ ಅಂಟುವ ಪ್ರತ್ಯಯ. ವೆಬ್‌ಸ್ಟರ್ ಎಂದರೆ ನೇಕಾರ್ತಿ. ಬ್ಯಾಕ್‌ಸ್ಟರ್ ಎಂಬ ಅಡ್ಡಹೆಸರಿನ ಮೂಲ ರೊಟ್ಟಿ ಸುಡುವವಳು, ಬ್ರೂಸ್ಟರ್ ಎಂಬುದರದು ಮನೆಯಲ್ಲಿ ಬಿಯರು ಕುದಿಸುವವಳು. ಕಾಲಕ್ರಮದಲ್ಲಿ ಆ ಬಾಲದ ಹೆಣ್ಣುತನ ಮಾಸಿ, ಇಂಗ್ಲೆಂಡಿನ ಉತ್ತರದ ಕಡೆ ಗಂಡಸರಿಗೂ ಅದೇ ಶಬ್ದ ಬಳಕೆಯಾಯಿತು. ಹನ್ನೆರಡರಿಂದ ಹದಿನಾಲ್ಕನೆಯ ಶತಮಾನದ ನಡುವೆ ಇಂಥ ಕಸುಬಿನ ಹೆಸರುಗಳು ತಂದೆಯಿಂದ ಮಗನಿಗೆ ಇಳಿಯುವ ಅಡ್ಡಹೆಸರುಗಳಾಗಿ ಗಟ್ಟಿಯಾದವು. 1379ರಲ್ಲಿ ಅಲ್ಲಿಯ ಸರಕಾರ ಹಾಕಿದ ತಲೆಗಂದಾಯದ ಪಟ್ಟಿಗಳಲ್ಲಿ ಅವು ಸಾಲುಸಾಲಾಗಿ ಸಿಗುತ್ತವೆ. ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ದರ್ಜಿ. 1979ರಿಂದ 1990ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಅಡ್ಡಹೆಸರಿಗೆ ಮಾಡಿಗೆ ಹುಲ್ಲು ಹೊದಿಸುವವ ಎಂದರ್ಥ. ಅದೂ ಅವರ ತವರಿನ ಹೆಸರಲ್ಲ, ಗಂಡನ ಮನೆಯದು.

ಈ ಗುಂಪಿನಲ್ಲಿ ಒಂದು ಶಬ್ದಕ್ಕೆ ಮಾತ್ರ ಹೆಣ್ಣುತನ ಬಿಡಲಿಲ್ಲ. ಅದು 'ಸ್ಪಿನ್‌ಸ್ಟರ್'. ಮೂಲದಲ್ಲಿ ಅದರರ್ಥ ನೂಲುವವಳು, ಅಷ್ಟೇ. ಹದಿನೇಳನೆಯ ಶತಮಾನದ ಹೊತ್ತಿಗೆ ಕಾಗದಪತ್ರಗಳಲ್ಲಿ ಮದುವೆಯಾಗದ ಹೆಂಗಸಿನ ಹೆಸರಿನ ಮುಂದೆ ಬರೆಯುವ ಪದವಾಯಿತು, ಆಮೇಲೆ ಮೂದಲಿಕೆಯೂ ಆಯಿತು. ನೇಯುವವಳ ಹೆಸರು ಗಂಡಸರಿಗೆ ಹೋಗಿ ಗೌರವದ ಅಡ್ಡಹೆಸರಾಯಿತು. ನೂಲುವವಳ ಹೆಸರು ಅವಳಲ್ಲೇ ಉಳಿದು ಮೂದಲಿಕೆಯಾಯಿತು.

ಈ ನೇಯ್ಗೆ, ನೂಲುವಿಕೆಗಳು ನಮ್ಮೂರಿಗೆ ತೀರ ದೂರದವೇನೂ ಅಲ್ಲ. ಇಂಗ್ಲೀಷರು 1638ರಲ್ಲಿ ಕಾರವಾರಕ್ಕೆ ಬಂದು ಕೋಠಿ ತೆರೆದದ್ದು ಕಾಳುಮೆಣಸು, ಏಲಕ್ಕಿಯ ಜೊತೆಗೆ ಬಟ್ಟೆಯ ಆಸೆಗೂ ಹೌದು. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಗೆಝೆಟಿಯರಿನ ಕಾನಡಾ ಸಂಪುಟದಲ್ಲಿ ಈ ಕೋಠಿಯ ವಿವರವಿದೆ. ಪಶ್ಚಿಮ ಭಾರತದ ಅತಿ ನಯವಾದ ಮಲ್‌ಮಲ್ ಇಲ್ಲಿಂದ ಹಡಗು ಹತ್ತುತ್ತಿತ್ತಂತೆ. ಬಟ್ಟೆ ಬರುತ್ತಿದ್ದುದು ಘಟ್ಟದ ಮೇಲಿನ ಹುಬ್ಬಳ್ಳಿಯ ಸುತ್ತಿನಿಂದ, ಅಲ್ಲಿ 50,000ದಷ್ಟು ನೇಕಾರರು ದುಡಿಯುತ್ತಿದ್ದರು ಎಂದು ಅದರಲ್ಲಿ ಬರೆದಿದೆ. ನೇಕಾರ, ಹಟಗಾರ ಎಂಬ ಹೆಸರುಗಳು ಘಟ್ಟದ ಮೇಲೆ ಇಂದಿಗೂ ಇವೆ. ಆದರೆ ಒಂದು ಮಗ್ಗ ನಡೆಯಬೇಕಾದರೆ ಹಲವು ರಾಟೆಗಳ ನೂಲು ಬೇಕು. ಆ ನೂಲು ತೆಗೆದ ಹೆಂಗಸರ ಕೈಗಳಿಗೆ ಗೆಝೆಟಿಯರಿನಲ್ಲಿ ಲೆಕ್ಕವಿಲ್ಲ, ನಮ್ಮ ಅಡ್ಡಹೆಸರುಗಳಲ್ಲೂ ಗುರುತಿಲ್ಲ.

ಹಾಗಾದರೆ ನಮ್ಮ ಅಡ್ಡಹೆಸರುಗಳಲ್ಲಿ ಯಾರ ಗುರುತಿದೆ? ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲ ಗುಂಪು ಲೆಕ್ಕದವರದು. ಶಾನಭಾಗ ಎಂದರೆ ಊರಿನ ಲೆಕ್ಕ ಬರೆಯುವವ. ಶಾಸನಗಳ ಹಳೆಯ 'ಸೇನಬೋವ'ನೇ ಸವೆದು ಶಾನಭೋಗ, ಶಾನಭಾಗ ಆಗಿದ್ದಾನೆ. ನಾಡಕರ್ಣಿ ಎಂದರೆ ಒಂದು ನಾಡಿನ ಕರಣಿಕ. ಕುಲಕರ್ಣಿಯೂ ಇದೇ ಕುಟುಂಬದವನು. ಭಂಡಾರಕರ ಎಂಬುದರಲ್ಲಿ ಖಜಾನೆಯಿದೆ. ಎರಡನೆಯ ಗುಂಪು ಅಧಿಕಾರದವರದು. ಹೆಗಡೆ ಹಳಗನ್ನಡದ 'ಪೆರ್ಗಡೆ', ಗೌಡ ಶಾಸನಗಳ 'ಗಾವುಂಡ'. ದೇಸಾಯಿ, ಸರದೇಸಾಯಿಗಳು ಸುಲ್ತಾನರ, ಮರಾಠರ ಕಾಲದ ಕಂದಾಯದ ಒಡೆಯರು. ಪ್ರಭು, ನಾಯಕ ಎಂಬವು ಹೇಳುವುದೇ ಬೇಡ, ಅರ್ಥ ಮೈಮೇಲೆಯೇ ಇದೆ. ವೈದ್ಯ, ಜೋಶಿ, ಪುರಾಣಿಕರು ವಿದ್ಯೆಯಿಂದ ಹೆಸರು ಪಡೆದವರು.

ಮೂರನೆಯ ಗುಂಪು ಕೈಕಾಲು ದಣಿಸಿ ದುಡಿಯುವವರದು, ಅದು ಚಿಕ್ಕದು. ಕಾರವಾರದ ಬಂದರಿನ ಬದಿಯಲ್ಲಿ ತಾಂಡೇಲ ಎಂಬ ಅಡ್ಡಹೆಸರು ಕೇಳಿಸುತ್ತದೆ. ತಾಂಡೇಲನೆಂದರೆ ದೋಣಿಯ ಆಳುಗಳ ಮುಂದಾಳು. ಗಾಳಿ ನೋಡಿ ಹಾಯಿ ಎತ್ತು ಎನ್ನುವವನು, ಬಲೆ ಎಲ್ಲಿ ಬಿಡಬೇಕೆಂದು ತೀರ್ಮಾನಿಸುವವನು. ಅಂಕೋಲೆ, ಗೋಕರ್ಣದ ಕಡೆ ಆಗೇರ ಎಂಬ ಹೆಸರಿದೆ. ಅಗರವೆಂದರೆ ಉಪ್ಪಿನ ಗದ್ದೆ, ಆಗೇರರೆಂದರೆ ಉಪ್ಪು ಬೆಳೆದವರು. ಉಪ್ಪು ತಿಂದ ನಾವೆಲ್ಲ ನೆನೆಯಬೇಕಾದ ಅಡ್ಡಹೆಸರು ಅದು. ಹಾಲಕ್ಕಿ ಒಕ್ಕಲಿಗರ ಊರಿನ ವ್ಯವಸ್ಥೆಯಲ್ಲಿ ಗೌಡ, ಬುದವಂತ, ಕೋಲಕಾರ ಎಂಬ ಹುದ್ದೆಗಳಿವೆ. ನ್ಯಾಯ ಹೇಳಲು ಒಬ್ಬ, ಬುದ್ಧಿ ಹೇಳಲು ಒಬ್ಬ, ಕೋಲು ಹಿಡಿದು ಮನೆಮನೆಗೆ ಸುದ್ದಿ ಮುಟ್ಟಿಸಲು ಒಬ್ಬ.

ಇವಲ್ಲದೆ ಊರಿನಿಂದ ಬಂದ ಹೆಸರುಗಳದ್ದು ಬೇರೆಯೇ ಲೋಕ. ಅಂಕೋಲೇಕರ, ಮಾಜಾಳಿಕರ ಎಂಬವರ ಹೆಸರಿನಲ್ಲಿ ನಮ್ಮದೇ ಊರುಗಳಿವೆ; ವೆರ್ಣೇಕರ, ರಾಯ್ಕರ ಎಂಬುವುಗಳಲ್ಲಿ ಗೋವೆಯ ಊರುಗಳಿವೆ. ಬಂಗಾರದ ಕೆಲಸದ ಎಷ್ಟೋ ಮನೆತನಗಳು ಕುಲುಮೆಯ ಹೆಸರು ಇಟ್ಟುಕೊಳ್ಳದೆ, ಬಿಟ್ಟುಬಂದ ಊರಿನ ಹೆಸರು ಇಟ್ಟುಕೊಂಡಿವೆ. ಕಸುಬು ಕೈಯಲ್ಲೇ ಇತ್ತು, ಮರೆಯುವ ಭಯವಿದ್ದುದು ಊರಿನದು.

ಈ ಹೆಸರುಗಳ ಹಿಂದಿನ ಕೆಲಸ ಎಂದೋ ಮುಗಿದಿದೆ. ಮುಂಬಯಿ ಪ್ರಾಂತದಲ್ಲಿ 1950ರ ಕಾಯ್ದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. ಮೈಸೂರು ರಾಜ್ಯದ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. ಕುರ್ಚಿ ಹೋಯಿತು, ಹೆಸರು ಉಳಿಯಿತು. ಕೆಲವರು ಆ ಹೆಸರಿಗೆ ತಿರುಗಿ ಬಿದ್ದೂ ಬದುಕಿದರು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದವರು ಎಂ. ಪಿ. ನಾಡಕರ್ಣಿಯವರು. ಸರಕಾರದ ಕಂದಾಯದ ಲೆಕ್ಕ ಬರೆಯುವುದು ಯಾರ ಹೆಸರಿನ ಅರ್ಥವೋ ಅವರೇ ಸರಕಾರದ ಉಪ್ಪಿನ ಕರವನ್ನು ಒದ್ದು ನಿಂತರು. ಅಲಗೇರಿಯಲ್ಲಿ ಹುಟ್ಟಿದ ಕವಿ ದಿನಕರ ದೇಸಾಯಿಯವರನ್ನೇ (1909–1982) ನೋಡಿ. ದೇಸಾಯಿ ಎಂದರೆ ಭೂಮಿಯ ಮೇಲೆ ಹಕ್ಕು ನಡೆಸಿದವನು. ಇವರೋ ಗೇಣಿ ರೈತರನ್ನು ಕೂಡಿಸಿ ಭೂಮಾಲಿಕರ ಎದುರು ನಿಲ್ಲಿಸಿದರು, ಅದಕ್ಕಾಗಿ ಜಿಲ್ಲೆಯಿಂದ ಗಡಿಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದರು. ಆ ಶಾಲೆಗಳ ಮೆಟ್ಟಿಲು ಹತ್ತಿ ಎಷ್ಟೋ ಹೆಣ್ಣುಮಕ್ಕಳು ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಹೆಸರು ಬರೆಯಲು ಕಲಿತರು.

ಹೆಸರು ಮನುಷ್ಯನನ್ನು ಕಟ್ಟಿಹಾಕುವುದಿಲ್ಲ ಎನ್ನಲು ಈ ಇಬ್ಬರೇ ಸಾಕು. ಆದರೂ ಅಡ್ಡಹೆಸರು ಕೇಳುವ ನಮ್ಮ ಪ್ರಶ್ನೆ ನಿರಪರಾಧಿಯೇನಲ್ಲ. ಅಂಕೋಲೆಯ ಒಂದೇ ತರಗತಿಯಲ್ಲಿ 'ನಾಯಕ' ಇರುತ್ತಾರೆ, 'ನಾಯ್ಕ' ಇರುತ್ತಾರೆ. ಅರ್ಥ ಒಂದೇ, ಸಮುದಾಯ ಬೇರೆ ಬೇರೆ. ಒಂದು ಅಕ್ಷರ ಅರ್ಧವಾದುದರಿಂದ ಯಾವ ಕೇರಿ ಎಂದು ತಿಳಿದುಕೊಳ್ಳುವ ಜಾಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಾಜರಿ ಕೂಗುವಾಗ ನಾನು ಆ ಅರ್ಧಾಕ್ಷರವನ್ನು ಒತ್ತುವುದಿಲ್ಲ.

ಈಗ ಮತ್ತೊಮ್ಮೆ ಪಟ್ಟಿಯನ್ನು ನೋಡಿ. ಲೆಕ್ಕದವ, ಒಡೆಯ, ವೈದ್ಯ, ತಾಂಡೇಲ, ಎಲ್ಲವೂ ಗಂಡಸಿನ ಕೆಲಸ. ಇವಕ್ಕೆ ಸ್ತ್ರೀರೂಪ ಇಲ್ಲವೆಂದಲ್ಲ. ಗೌಡತಿ ಇದ್ದಾಳೆ, ನಾಯಕಿತಿ ಇದ್ದಾಳೆ. ಆದರೆ ಗೌಡತಿ ಎಂದರೆ ಗೌಡಿಕೆ ಮಾಡುವವಳಲ್ಲ, ಗೌಡನ ಹೆಂಡತಿ. ನೇಯುವವಳಿಗೆ ವೆಬ್‌ಸ್ಟರ್ ಎಂಬ ಹೆಸರು ಬಂದಂತೆ ಕೆಲಸದಿಂದ ಬಂದ ಹೆಸರು ಅದಲ್ಲ, ಕೈಹಿಡಿದುದರಿಂದ ಬಂದದ್ದು.

ಹಾಗೆಂದು ಹೆಂಗಸರು ಆ ಕುರ್ಚಿಯಲ್ಲಿ ಕೂತೇ ಇರಲಿಲ್ಲವೇ? ಕೂತಿದ್ದರು. ನಮ್ಮ ಜಿಲ್ಲೆಯ ಬನವಾಸಿ ಒಂದು ಕಾಲಕ್ಕೆ ದೊಡ್ಡ ನಾಡಿನ ರಾಜಧಾನಿ. ಆ ನಾಡಿಗೆ ಸೇರಿದ ನಾಗರಖಂಡದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಹತ್ತನೆಯ ಶತಮಾನದ ಆರಂಭದಲ್ಲಿ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳಿದ್ದಳು. ನಾಳ್ಗಾವುಂಡನಾಗಿದ್ದ, ಎಂದರೆ ನಾಡಗೌಡನಾಗಿದ್ದ ಅವಳ ಗಂಡ ತೀರಿಕೊಂಡ ಮೇಲೆ ಆ ಅಧಿಕಾರವನ್ನು ಅವಳೇ ವಹಿಸಿಕೊಂಡು ನಾಗರಖಂಡ ಎಪ್ಪತ್ತನ್ನು ಆಳಿದಳು. ಅವಳ ಸಾಮರ್ಥ್ಯವನ್ನು ಶಾಸನ ಹೊಗಳುತ್ತದೆ. ಕೊನೆಗೆ ರೋಗ ಬಿಡದೆ ಕಾಡಿದಾಗ ಮಗಳನ್ನು ಕರೆಸಿ ತನ್ನದನ್ನು ಒಪ್ಪಿಸಿ, ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಇವಳು ಗೌಡತಿಯಲ್ಲ, ಸ್ವತಃ ಗೌಡ. ಕಲ್ಲಿನಲ್ಲಿ ಹಾಗೆ ಕೊರೆದಿದೆ. ಮುಂದೆ ಗೌಡ ಎಂಬುದು ಮನೆತನದ ಹೆಸರಾಗಿ ಇಳಿದುಬಂದಾಗ ಆ ನೆನಪು ಮಾತ್ರ ಜೊತೆಗೆ ಬರಲಿಲ್ಲ.

ದುಡಿಮೆಯಿಂದಲೇ ಹೆಸರು ಪಡೆದ ಹೆಂಗಸರೂ ನಮ್ಮಲ್ಲಿ ಇದ್ದರು. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ಈ ಕಣ್ಣಿನಿಂದ ಓದಿ ನೋಡಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯರನ್ನು ನಾವೆಲ್ಲ ಬಲ್ಲೆವು. ಅವರ ಪಕ್ಕದಲ್ಲೇ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ಇದ್ದಾಳೆ. ಕದಿರ ರೆಮ್ಮವ್ವೆ ಇದ್ದಾಳೆ. ಕದಿರು ಎಂದರೆ ರಾಟೆಯ ಮೊನೆ, ಅವಳು ನೂಲುವವಳು. ಇಂಗ್ಲೀಷಿನ ಆ 'ಸ್ಪಿನ್‌ಸ್ಟರ್' ಎಂಬ ಶಬ್ದಕ್ಕೆ ಸರಿಸಮನಾದ ಹೆಸರು ಇದು. ಅಲ್ಲಿ ಅದು ಮೂದಲಿಕೆಯಾಯಿತು, ಇಲ್ಲಿ ಒಬ್ಬ ವಚನಕಾರ್ತಿಯ ಗೌರವದ ಗುರುತಾಯಿತು. ಆದರೆ ಶರಣೆಯರ ಹೆಸರು ಅವರವರಿಗೇ ಮುಗಿಯಿತು, ಮಕ್ಕಳಿಗೆ ಇಳಿಯಲಿಲ್ಲ. ದಫ್ತರಕ್ಕೆ ಹೋದದ್ದು ಹುದ್ದೆಯ ಹೆಸರು, ಹುದ್ದೆ ಗಂಡಸಿನದು.

ನಮ್ಮಲ್ಲಿ ಹೆಂಗಸಿಗೆ ಹೆಸರು ನಿಲ್ಲದಿರಲು ಇನ್ನೊಂದು ಕಾರಣವೂ ಇದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹುಡುಗಿಯ ಅಡ್ಡಹೆಸರಷ್ಟೇ ಅಲ್ಲ, ಅವಳ ಸ್ವಂತ ಹೆಸರೂ ಬದಲಾಗುತ್ತಿತ್ತು. ಹರಿವಾಣದಲ್ಲಿ ಅಕ್ಕಿ ಹರವಿ ಅದರ ಮೇಲೆ ಹೊಸ ಹೆಸರು ಬರೆಯುವ ಶಾಸ್ತ್ರ. ರೈಲಿನ ಮೂರು ಬೋಗಿಗಳೂ ಒಂದೇ ದಿನ ಬದಲು! ಈಚೆಗೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಶಾಲೆಯ ಕಚೇರಿಗೆ ದಾಖಲೆಗಾಗಿ ಬರುವ ಹೆಂಗಸರ ಕೈಯಲ್ಲಿ ಎರಡು ಹೆಸರುಗಳ ಎರಡು ಕಾಗದ ಇರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಶಾಲೆಯ ದಾಖಲೆಯಲ್ಲಿ ಒಬ್ಬಳು, ರೇಷನ್ ಕಾರ್ಡಿನಲ್ಲಿ ಇನ್ನೊಬ್ಬಳು. ಇಬ್ಬರೂ ತಾನೇ ಎಂದು ಅಫಿಡವಿಟ್ ಮಾಡಿಸಿ, ದುಡ್ಡು ಕೊಟ್ಟು, ನೋಟರಿಯ ಮುದ್ರೆ ಒತ್ತಿಸಿಕೊಳ್ಳಬೇಕು. ಮದುವೆಯಾದ ಹೆಣ್ಣು ಗಂಡನ ಅಡ್ಡಹೆಸರು ಇಟ್ಟುಕೊಳ್ಳಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಈ ಮಾತನ್ನು ಹತ್ತನೆಯ ತರಗತಿಯ ಹುಡುಗಿಯರಿಗೆ ಪಾಠದ ನಡುವೆ ಹೇಳುತ್ತಿರುತ್ತೇನೆ. ಇಟ್ಟುಕೊಳ್ಳುವುದು ಬಿಡುವುದು ಅವರವರ ಇಷ್ಟ. ಆದರೆ ಇಷ್ಟ ಎಂಬುದೊಂದು ಇದೆಯೆಂದು ಗೊತ್ತಿರಬೇಕಲ್ಲ.

ಅಂಕೋಲೆ ತಾಲೂಕಿನ ಇಬ್ಬರು ಹಾಲಕ್ಕಿ ಹೆಂಗಸರ ಹೆಸರು ಈಚಿನ ವರ್ಷಗಳಲ್ಲಿ ದೇಶಕ್ಕೆಲ್ಲ ಕೇಳಿಸಿತು. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಹೊತ್ತಿದ್ದ, ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಎಬ್ಬಿಸಿದ ಆ ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದುಡಿದವರು. ಯಾವ ಬೀಜವನ್ನು ಯಾವ ಮರದಿಂದ ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅವರಿಗೆ ಕೈಯ ರೇಖೆಯಂತೆ ಗೊತ್ತಿತ್ತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. 2024ರ ಡಿಸೆಂಬರ್ 16ರಂದು ಅವರೂ ಹೋದರು. ಇಬ್ಬರ ಹೆಸರಿನ ಕೊನೆಯಲ್ಲೂ ಇರುವುದು ಊರಿನ ಹಿರಿಯ ಎಂಬರ್ಥದ 'ಗೌಡ'. ಹಾಡಿದವಳು, ಬೀಜ ಬಲ್ಲವಳು ಎಂಬರ್ಥದ ಅಡ್ಡಹೆಸರು ನಮ್ಮ ಭಾಷೆಯಲ್ಲಿ ಇಲ್ಲ.

ಇಲ್ಲ ಎಂದೆನಾದರೂ, ಜನ ಸುಮ್ಮನೆ ಕೂತಿಲ್ಲ. ಪಾವಗಡದ ಕಡೆ ಸಾವಿರಾರು ಹೆರಿಗೆ ಮಾಡಿಸಿದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ಪಟ್ಟಿಯಲ್ಲೇ ಅವರ ಹೆಸರು 'ಸೂಲಗಿತ್ತಿ ನರಸಮ್ಮ'. ಮರುವರ್ಷ ಅದೇ ಗೌರವ ಪಡೆದ ತಿಮ್ಮಕ್ಕ, ದಾರಿಯ ಬದಿಗೆ ಆಲದ ಸಾಲು ನೆಟ್ಟು 'ಸಾಲುಮರದ ತಿಮ್ಮಕ್ಕ'. ಎಂಟು ನೂರು ವರ್ಷದ ಹಿಂದಿನ ಕೊಟ್ಟಣದ ಸೋಮಮ್ಮನ ಹೆಸರು ಹುಟ್ಟಿದ್ದೂ ಹೀಗೇ ಇರಬೇಕು. ಯಾವ ದಫ್ತರದ ಅಪ್ಪಣೆಯೂ ಇಲ್ಲದೆ, ಕಂಡ ಕೆಲಸವನ್ನು ಕಂಡ ಹಾಗೆ ಕರೆದು. ಸೂಲಗಿತ್ತಿ ಎಂಬ ಶಬ್ದಕ್ಕಂತೂ ಕನ್ನಡದಲ್ಲಿ ಪುಲ್ಲಿಂಗವೇ ಇಲ್ಲ.

ಹಾಗೆ ಕರೆಯಲು ಮೊದಲು ಕೆಲಸ ಕಣ್ಣಿಗೆ ಕಾಣಬೇಕು. ಶಾಲೆಗೆ ಮಗುವನ್ನು ಸೇರಿಸುವಾಗ ತಂದೆತಾಯಿಯ ಉದ್ಯೋಗ ಕೇಳುತ್ತೇವೆ. ತಂದೆಯದು 'ಮೀನುಗಾರಿಕೆ' ಎಂದು ಬರೆಸುತ್ತಾರೆ, ತಾಯಿಯದು 'ಮನೆಗೆಲಸ'. ಅವನು ಹಿಡಿದ ಮೀನನ್ನು ಬುಟ್ಟಿಯಲ್ಲಿ ಹೊತ್ತು, ಬಸ್ಸಿಗೆ ಓಡಿ, ಪೇಟೆಯಲ್ಲಿ ಚೌಕಾಶಿ ಮಾಡಿ ದುಡ್ಡಾಗಿಸಿ ತರುವವಳು ಅವಳೇ. 'ನೀನು ಮೀನು ಮಾರುತ್ತೀಯಲ್ಲೇ?' ಎಂದರೆ, 'ಹೌದು ಅಕ್ಕೋರೇ, ಅದೇನು ಬರೆಸೂದು?' ಎಂದು ನಗುತ್ತಾರೆ. ಮೇ ತಿಂಗಳಲ್ಲಿ ಹೆದ್ದಾರಿಯ ಬದಿಗೆ ಕರಿ ಇಶಾಡದ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಹೆಂಗಸೂ 'ಮನೆಗೆಲಸ'. ಬೀಡಿ ಕಟ್ಟುವವಳು, ಹೊಲಿಗೆಯವಳು, ಗದ್ದೆ ನಟ್ಟಿಯವಳು ಎಲ್ಲರೂ 'ಮನೆಗೆಲಸ'. ಮನೆಗೆಲಸವೇನು ಸಣ್ಣದಲ್ಲ, ಆದರೆ ಅದರ ಮೇಲೆ ಇನ್ನೊಂದು ಇದೆಯಲ್ಲ!

ಈಗ ಕೆಲವು ವರ್ಷಗಳಿಂದ ಆ ಮನೆಯನ್ನು ತುಂಬುವಾಗ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: 'ಬೆಳಿಗ್ಗೆ ಎದ್ದು ಏನೇನು ಮಾಡುತ್ತೀ ಹೇಳು.' ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ಮೀನು ಮಾರಾಟ, ತರಕಾರಿ ಮಾರಾಟ, ಹೊಲಿಗೆ, ಗದ್ದೆ ಕೆಲಸ. ಜಾಗ ಚಿಕ್ಕದು, ಅಕ್ಷರ ಸಣ್ಣದಾಗಿ ಬರೆದರೆ ಹಿಡಿಸುತ್ತದೆ. ಅಡ್ಡಹೆಸರಾಗಿ ಅದು ಯಾರ ಬೆನ್ನಿಗೂ ಅಂಟಬೇಕಿಲ್ಲ. ಮುಂದೆಂದೋ ಆ ಪುಸ್ತಕ ತೆರೆದವರಿಗೆ, ಈ ಮಗುವಿನ ತಾಯಿಯೂ ದುಡಿಯುತ್ತಿದ್ದಳು ಎಂಬುದು ಓದಲು ಸಿಕ್ಕರೆ ಸಾಕು.